ಕಡಲ ಕೆಸರಿನ ಬ್ಯಾಕ್ಟೀರಿಯಾದಲ್ಲಿ ಹೊಸ ಪ್ರತಿಜೀವಕ ಹುಡುಕಿದ ಅನುಭವ

ಕಡಲ ತಳದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾವೊಂದು ತಯಾರಿಸುವ ಸಂಯುಕ್ತವನ್ನು ಬೇರ್ಪಡಿಸಿ, ಅದರ ಅಣುರಚನೆಯನ್ನು ಗುರುತಿಸಿ, ಸಾಮಾನ್ಯ ಔಷಧಗಳಿಗೆ ಬಗ್ಗದ ರೋಗಾಣುಗಳನ್ನು ಅದು ತಡೆಯಬಲ್ಲದೇ ಎಂದು ಪರೀಕ್ಷಿಸುವ ಸಂಶೋಧನೆಯನ್ನು ಈಗಷ್ಟೇ ಮುಗಿಸಿದ್ದೇನೆ. ಪಿಎಚ್‌.ಡಿ. ಪ್ರಬಂಧ ಸ್ವೀಕೃತವಾಗಿದೆ, ಸಂಯುಕ್ತದ ವಿವರ ಪ್ರಕಟಣೆಗೆ ಹೋಗಿದೆ. ಆರಂಭಿಸುವ ಮೊದಲು ನಾನು ಓದಿದ್ದ ಲೇಖನಗಳಲ್ಲಿ ಎಲ್ಲವೂ ನೇರವಾಗಿ ನಡೆದಂತೆ ಕಾಣುತ್ತಿತ್ತು: ಕೆಸರು ತಂದರು, ಬ್ಯಾಕ್ಟೀರಿಯಾ ಬೆಳೆಸಿದರು, ಹೊಸ ಸಂಯುಕ್ತ ದೊರೆಯಿತು. ನಡುವಿನ ಕಾಯುವಿಕೆ, ಅರ್ಜಿಗಳು, ಕೈಗೆ ಸಿಕ್ಕಿ ಜಾರಿಹೋದ ಫಲಿತಾಂಶಗಳು ಅಲ್ಲಿ ಇರಲಿಲ್ಲ. ಈ ದಾರಿ ಹಿಡಿಯುವವರಿಗೆ ಅವುಗಳ ಪರಿಚಯ ಮೊದಲೇ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ರೋಗಾಣುವನ್ನು ಕೊಲ್ಲುವ ವಸ್ತುವನ್ನು ಕಾಣುವುದು ಈ ಕೆಲಸದ ಸುಲಭದ ಭಾಗ. ಕಂಡ ವಸ್ತು ಈಗಾಗಲೇ ಲೋಕಕ್ಕೆ ಗೊತ್ತಿದೆಯೇ ಎಂದು ತೀರ್ಮಾನಿಸುವುದಕ್ಕೂ, ಆಮೇಲೆ ಅದನ್ನೇ ಮತ್ತೊಮ್ಮೆ ಪಡೆಯುವುದಕ್ಕೂ ನನ್ನ ಹೆಚ್ಚಿನ ಸಮಯ ಹೋಯಿತು.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತ್ತು. ಆ ಅಂಕಿಯನ್ನು ಓದಿದ ಮೇಲೆ ನನಗೆ ಬೇರೆ ವಿಷಯ ಆರಿಸಿಕೊಳ್ಳಲು ಮನಸ್ಸಾಗಲಿಲ್ಲ. ಕಡಲನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಎಂಬ ಪ್ರತಿಜೀವಕ ಪಡೆದಂದಿನಿಂದ, ನೆಲದ ಮಣ್ಣಿನ ಆಕ್ಟಿನೊಮೈಸೀಟ್‌ಗಳನ್ನು, ಅಂದರೆ ಶಿಲೀಂಧ್ರದಂತೆ ಎಳೆಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾಗಳನ್ನು, ಜನ ದಶಕಗಳ ಕಾಲ ಜಾಲಾಡಿದ್ದಾರೆ. ಈಗ ಅಲ್ಲಿ ಹುಡುಕಿದರೆ ಹಳೆಯ ಸಂಯುಕ್ತಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಉಪ್ಪು, ಒತ್ತಡ, ಆಹಾರದ ಅಭಾವಗಳ ನಡುವೆ ಬದುಕುವ ಕಡಲ ಬ್ಯಾಕ್ಟೀರಿಯಾಗಳ ರಸಾಯನವೇ ಬೇರೆಯಾಗಿರಬಹುದೆಂಬ ನಂಬಿಕೆಗೆ ಒಳ್ಳೆಯ ಆಧಾರಗಳಿವೆ. ಕಡಲ ಹುಲ್ಲಿನ ಮೇಲಿದ್ದ ಬ್ಯಾಕ್ಟೀರಿಯಾದಿಂದ 1966ರಲ್ಲಿ ವರದಿಯಾದ ಪೆಂಟಾಬ್ರೋಮೊಸ್ಯೂಡಿಲಿನ್ ಎಂಬ ಪ್ರತಿಜೀವಕದ ತೂಕದಲ್ಲಿ ಶೇಕಡ 70ಕ್ಕೂ ಹೆಚ್ಚು ಪಾಲು ಬ್ರೋಮಿನ್. ಜಪಾನ್ ಸಮುದ್ರದ 289 ಮೀಟರ್ ಆಳದ ಕೆಸರಿನಿಂದ ಬಂದ ವೆರುಕೊಸಿಸ್ಪೋರಾ ಎಂಬ ಆಕ್ಟಿನೊಮೈಸೀಟ್‌ನ ಅಬಿಸೊಮೈಸಿನ್ ಸಿ, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ತೀರದಾಚೆಯ ಕೆಸರಿನ ಸ್ಟ್ರೆಪ್ಟೊಮೈಸಿಸ್ ಎಂಬ ಆಕ್ಟಿನೊಮೈಸೀಟ್‌ನಿಂದ 2013ರಲ್ಲಿ ವರದಿಯಾದ ಆಂತ್ರಸಿಮೈಸಿನ್, ಇವೆರಡೂ ಮೆಥಿಸಿಲಿನ್ ನಿರೋಧಕ ಸ್ಟೆಫಿಲೊಕಾಕಸ್ ಆರಿಯಸ್ ಎಂಬ, ಮೆಥಿಸಿಲಿನ್ ಔಷಧಕ್ಕೆ ಬಗ್ಗದ ರೋಗಾಣುವನ್ನು, ಅಂದರೆ ಎಂಆರ್‌ಎಸ್‌ಎಯನ್ನು, ಪ್ರಯೋಗಾಲಯದಲ್ಲಿ ತಡೆದಿವೆ.

ಕೆಲಸ ಶುರುವಾದದ್ದು ಅನುಮತಿ ಪತ್ರಗಳಿಂದ. ಕಡಲ ಕೆಸರು ಯಾರದೂ ಅಲ್ಲವೆಂದು ತೋರಿದರೂ, ತೀರದಿಂದ 200 ನಾಟಿಕಲ್ ಮೈಲಿವರೆಗಿನ ವಲಯದ ಸಂಪನ್ಮೂಲಗಳ ಮೇಲೆ ಆಯಾ ಕರಾವಳಿ ರಾಷ್ಟ್ರಕ್ಕೆ ಹಕ್ಕಿದೆ. ಬೇರೆ ರಾಷ್ಟ್ರದ ವಲಯದಲ್ಲಿ ಸಂಶೋಧನೆ ನಡೆಸುವುದಾದರೆ ಕನಿಷ್ಠ ಆರು ತಿಂಗಳು ಮೊದಲೇ ವಿವರ ಸಲ್ಲಿಸಬೇಕೆಂದು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಇದರ ಜೊತೆಗೆ 2014ರಲ್ಲಿ ಜಾರಿಗೆ ಬಂದ ನಗೋಯಾ ಶಿಷ್ಟಾಚಾರಕ್ಕೆ ಒಳಪಟ್ಟ ರಾಷ್ಟ್ರಗಳಲ್ಲಿ, ಜೈವಿಕ ಸಂಪನ್ಮೂಲವನ್ನು ಬಳಸುವ ಮೊದಲೇ ಒಪ್ಪಿಗೆ ಪಡೆದು, ಮುಂದೆ ಲಾಭ ಬಂದರೆ ಅದನ್ನು ಹಂಚಿಕೊಳ್ಳುವ ಕರಾರನ್ನೂ ಮಾಡಿಕೊಳ್ಳಬೇಕಾಗುತ್ತದೆ. ನನ್ನ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಪ್ರತಿ ಸಲವೂ ಹೊಸದೊಂದು ವಿವರಣೆ ಕೇಳಿಕೊಂಡು ಹಿಂದಿರುಗುತ್ತಿತ್ತು. ಮಾದರಿ ತೆಗೆಯುವ ಸ್ಥಳದ ಅಕ್ಷಾಂಶ ರೇಖಾಂಶ, ಆಳ, ತೆಗೆಯುವ ಕೆಸರಿನ ಪ್ರಮಾಣ, ಬಳಸುವ ಸಲಕರಣೆ, ಉಳಿದ ಮಾದರಿಯನ್ನು ಎಲ್ಲಿ ಇಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ, ಇವೆಲ್ಲವನ್ನೂ ಒಂದೇ ಕಡತದಲ್ಲಿ ಸಿದ್ಧವಾಗಿಟ್ಟುಕೊಂಡರೆ ಅನುಕೂಲ. ಈ ಹಂತವನ್ನು ಹಗುರವಾಗಿ ಕಾಣಬೇಡಿ. ವರ್ಷಗಳ ನಂತರ ಪೇಟೆಂಟ್ ಅರ್ಜಿಯ ಹೊತ್ತಿನಲ್ಲಿ ನನ್ನನ್ನು ಮೊದಲು ಕೇಳಿದ್ದು ಇದೇ ಪತ್ರವನ್ನು. ಅದಿಲ್ಲದೆ ಸಂಗ್ರಹಿಸಿದ ಬ್ಯಾಕ್ಟೀರಿಯಾ ಎಷ್ಟೇ ಅಮೂಲ್ಯವಾದರೂ ಮುಂದೆ ಸಾಗಲಾರದು.

ಕೆಸರು ತೆಗೆಯುವುದು ಬೇಗ ಮುಗಿಯಿತು. ಶುದ್ಧೀಕರಿಸಿದ ಕೊಳವೆಗಳಲ್ಲಿ ತುಂಬಿ, ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ತಂದೆವು. ಅಲ್ಲಿಂದ ಮುಂದೆ ನಿಜವಾದ ಸಹನೆಯ ಪರೀಕ್ಷೆ. ಕಡಲಿನ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ ಒಂದು ಕೂಡ ಪ್ರಯೋಗಾಲಯದ ಸಾಮಾನ್ಯ ಪೋಷಕ ತಟ್ಟೆಯ ಮೇಲೆ ಬೆಳೆಯುವುದಿಲ್ಲ. ಬೆಳೆಯುವವುಗಳಲ್ಲಿಯೂ ವೇಗವಾಗಿ ಹರಡುವಂಥವು ಎರಡೇ ದಿನಗಳಲ್ಲಿ ತಟ್ಟೆಯನ್ನು ಆಕ್ರಮಿಸಿ, ನಮಗೆ ಬೇಕಾದ ನಿಧಾನದ ಆಕ್ಟಿನೊಮೈಸೀಟ್‌ಗಳಿಗೆ ಜಾಗವನ್ನೇ ಬಿಡುವುದಿಲ್ಲ. ಆದ್ದರಿಂದ ಕೆಲವು ಮಾದರಿಗಳನ್ನು ಒಣಗಿಸಿದೆ, ಕೆಲವನ್ನು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರು ನಿಮಿಷ ಬಿಸಿ ಮಾಡಿದೆ. ಬೀಜಕಗಳಿರುವ ಜೀವಿಗಳು ಇದನ್ನು ತಾಳಿಕೊಳ್ಳುತ್ತವೆ, ಉಳಿದವುಗಳಲ್ಲಿ ಬಹಳಷ್ಟು ಸಾಯುತ್ತವೆ. ಶಿಲೀಂಧ್ರಗಳನ್ನು ತಡೆಯಲು ಸೈಕ್ಲೊಹೆಕ್ಸಿಮೈಡ್, ಗ್ರಾಂ ಋಣ ಬ್ಯಾಕ್ಟೀರಿಯಾಗಳನ್ನು, ಅಂದರೆ ಇನ್ನೊಂದು ಹೊರಪೊರೆಯುಳ್ಳವನ್ನು, ತಡೆಯಲು ನಾಲಿಡಿಕ್ಸಿಕ್ ಆಮ್ಲ ಸೇರಿಸಿದೆ. ಪೋಷಕಾಂಶಗಳನ್ನು ಬೇಕೆಂದೇ ಕಡಿಮೆ ಮಾಡಿದೆ, ಮತ್ತು ಎಲ್ಲ ಮಾಧ್ಯಮಗಳನ್ನೂ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ ಮತ್ತು ಜೆಲ್ಲಿಗಳನ್ನು, ಕಡಲ ನೀರಿನಲ್ಲಿಯೇ ತಯಾರಿಸಿದೆ. 2005ರಲ್ಲಿ ವಿವರಿಸಲ್ಪಟ್ಟ ಸ್ಯಾಲಿನಿಸ್ಪೋರಾ ಕುಲದ ಬ್ಯಾಕ್ಟೀರಿಯಾಗಳು ಕಡಲ ನೀರಿಲ್ಲದ ಮಾಧ್ಯಮದಲ್ಲಿ ಬೆಳೆಯಲಾರವು ಎಂಬುದನ್ನು ಈ ಕ್ಷೇತ್ರಕ್ಕೆ ಬರುವವರು ಮೊದಲ ದಿನವೇ ತಿಳಿದಿರಬೇಕು.

ತಟ್ಟೆಗಳನ್ನು 28 ಡಿಗ್ರಿಯಲ್ಲಿಟ್ಟು ಕಾಯುವಾಗ ಮೊದಲ ವಾರಗಳಲ್ಲಿ ಏನೂ ಕಾಣುವುದಿಲ್ಲ. ಅಗಾರ್, ಅಂದರೆ ತಟ್ಟೆಯ ಜೆಲ್ಲಿ, ಒಣಗದಂತೆ ತಟ್ಟೆಗಳ ಅಂಚನ್ನು ಮುಚ್ಚಿ, ಪೆಟ್ಟಿಗೆಯಲ್ಲಿ ತೇವವಿಟ್ಟು ಕಾಯಬೇಕು. ಎರಡು ತಿಂಗಳ ಹೊತ್ತಿಗೆ, ಬಹುಪಾಲು ಜನ ತಟ್ಟೆಗಳನ್ನು ಎಸೆದುಬಿಡುವ ಸಮಯದಲ್ಲಿ, ಅಗಾರ್‌ಗೆ ಬಿಗಿಯಾಗಿ ಅಂಟಿಕೊಂಡ ಚಿಕ್ಕ ಕಿತ್ತಳೆ, ಕಂದು, ಬೂದು ಬಣ್ಣದ ಗುಂಪುಗಳು ಕಾಣಿಸಿಕೊಂಡವು. ಅವುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಆದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಒಂದೊಂದನ್ನೂ ಮರುಬಿತ್ತನೆ ಮಾಡಿ ಶುದ್ಧಗೊಳಿಸುವುದಕ್ಕೆ ಮತ್ತಷ್ಟು ವಾರಗಳು ಬೇಕಾದವು. ಇಲ್ಲಿ ನನ್ನ ಮಾರ್ಗದರ್ಶಕರು ಹೇಳಿದ ಒಂದು ಸೂಚನೆ ಮುಂದೆ ನನ್ನ ಇಡೀ ಕೆಲಸವನ್ನು ಉಳಿಸಿತು: ಶುದ್ಧ ತಳಿ ಸಿಕ್ಕಿದ ಕೂಡಲೇ, ಬೇರೇನೂ ಮಾಡುವ ಮೊದಲು, ಗ್ಲಿಸರಾಲ್ ಸೇರಿಸಿ ಹಲವು ಕೊಳವೆಗಳಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇರಿಸಬೇಕು, ಮತ್ತು ಅವು ಎರಡು ಬೇರೆ ಬೇರೆ ಫ್ರೀಜರ್‌ಗಳಲ್ಲಿರಬೇಕು.

ನಂತರ ಪ್ರತಿ ತಳಿಯನ್ನೂ ಸಣ್ಣ ಫ್ಲಾಸ್ಕ್‌ಗಳಲ್ಲಿ ಬೆಳೆಸಿ, ಎಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ಸಾರ ತೆಗೆದು, ರೋಗಾಣುಗಳ ಮೇಲೆ ಪರೀಕ್ಷಿಸುವ ಹಂತ. ಬ್ಯಾಕ್ಟೀರಿಯಾ ಹಾಕದೆ ಬರೀ ಮಾಧ್ಯಮದಿಂದ ತೆಗೆದ ಸಾರವನ್ನೂ ಪ್ರತಿ ಬಾರಿ ಜೊತೆಯಲ್ಲಿ ಪರೀಕ್ಷಿಸಬೇಕು. ಉಪ್ಪಿನಂಶ, ಉಳಿದುಕೊಂಡ ದ್ರಾವಕ, ಮಾಧ್ಯಮದ ಘಟಕಗಳು ತಾವೇ ಬೆಳವಣಿಗೆಯನ್ನು ತಡೆದು ಸುಳ್ಳು ಭರವಸೆ ಕೊಡಬಲ್ಲವು. ರೋಗಾಣುಗಳನ್ನು ಪಡೆಯುವುದೂ ಒಂದು ಪ್ರತ್ಯೇಕ ಅಧ್ಯಾಯ. ಎಂಆರ್‌ಎಸ್‌ಎಯಂಥ ತಳಿಗಳನ್ನು ನಿರ್ವಹಿಸಲು ಜೈವಿಕ ಸುರಕ್ಷತೆಯ ಎರಡನೇ ಹಂತದ ಕೊಠಡಿ ಬೇಕು, ಸಂಸ್ಥೆಯ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ತಳಿ ಸಂಗ್ರಹಾಲಯದೊಂದಿಗೆ ವಸ್ತು ವರ್ಗಾವಣೆ ಒಪ್ಪಂದ ಬೇಕು. ಈ ಮೂರರ ಅರ್ಜಿಗಳನ್ನು ಕೆಸರು ತೆಗೆಯುವ ಮುಂಚೆಯೇ ಸಲ್ಲಿಸಿದರೆ, ತಟ್ಟೆಗಳು ಬೆಳೆಯುವ ಕಾಲದಲ್ಲಿ ಅವೂ ಮುಂದೆ ಸಾಗಿರುತ್ತವೆ.

ಮೊದಲ ದೊಡ್ಡ ಫಲಿತಾಂಶ ಬಂದ ದಿನ ಎಂಆರ್‌ಎಸ್‌ಎ ಹರಡಿದ್ದ ತಟ್ಟೆಯ ಮೇಲೆ ಒಂದು ಸಾರದ ಸುತ್ತ ಅಗಲವಾದ, ಸ್ಪಷ್ಟವಾದ ಖಾಲಿ ವೃತ್ತವಿತ್ತು. ಪ್ರಯೋಗಾಲಯದಲ್ಲಿದ್ದವರೆಲ್ಲ ಬಂದು ನೋಡಿದರು. ಸಾರಕ್ಕೆ ಕಿತ್ತಳೆ ಕೆಂಪು ಬಣ್ಣವಿತ್ತು. ಸುಮಾರು 440 ನ್ಯಾನೊಮೀಟರ್ ತರಂಗಾಂತರದಲ್ಲಿ ಬೆಳಕನ್ನು ಹೀರುತ್ತಿತ್ತು. ಅಣುಗಳ ದ್ರವ್ಯರಾಶಿ ಅಳೆಯುವ ರೋಹಿತಮಾಪಕದಲ್ಲಿ 1255ರ ಬಳಿ ಎತ್ತರದ ಗೆರೆ ಬಂದಾಗ ವಿಷಯ ತಿಳಿಯಿತು. ಅದು ಆಕ್ಟಿನೊಮೈಸಿನ್ ಡಿ. ವಾಕ್ಸ್‌ಮನ್ ಮತ್ತು ಬಾಯ್ಡ್ ವುಡ್ರಫ್ 1940ರಲ್ಲಿ ವರದಿ ಮಾಡಿದ ಆಕ್ಟಿನೊಮೈಸಿನ್ ವರ್ಗಕ್ಕೆ ಸೇರಿದ್ದು, ಡಿಎನ್‌ಎಗೆ ಅಂಟಿಕೊಂಡು ಮನುಷ್ಯರ ಜೀವಕೋಶಗಳನ್ನೂ ಕೊಲ್ಲುವಂಥದ್ದು, ಪ್ರತಿಜೀವಕವಾಗಿ ಅಲ್ಲದೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಾಗುವಂಥದ್ದು. ಕಡಲಿನ ತಳಿಯೊಂದು ನೆಲದ ಸಂಯುಕ್ತವನ್ನೇ ತಯಾರಿಸುತ್ತಿತ್ತು. ಆ ಸಂಜೆ ತುಂಬ ಬೇಸರವಾಯಿತು. ಆದರೆ ಈ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಇಂಥ ದಿನ ಬಂದೇ ಬರುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳಿದ್ದು ಸತ್ಯ. ಬಲವಾದ ಪರಿಣಾಮ ತೋರುವ ಸಾರಗಳಲ್ಲಿ ಹಳೆಯ ಸಂಯುಕ್ತವಿರುವ ಸಂಭವವೇ ಹೆಚ್ಚು.

ಆದ್ದರಿಂದ ಹಳೆಯದನ್ನು ಮೊದಲೇ ಗುರುತಿಸಿ ಬದಿಗಿಡುವ ಕೆಲಸವನ್ನು ನಾವು ಶುದ್ಧೀಕರಣಕ್ಕಿಂತ ಮುಂದಕ್ಕೆ ತಂದೆವು. ಪ್ರತಿ ಸಾರದ ದ್ರವ್ಯರಾಶಿ, ಅದು ಒಡೆದಾಗ ಸಿಗುವ ತುಣುಕುಗಳು, ನೇರಳಾತೀತ ಹೀರಿಕೆ, ತಳಿಯ ಗುರುತು, ಈ ನಾಲ್ಕನ್ನೂ ದತ್ತಸಂಚಯಗಳೊಂದಿಗೆ ಹೋಲಿಸಿದೆವು. ತುಣುಕುಗಳ ಹೋಲಿಕೆಯಿಂದ ಸಂಬಂಧಿ ಅಣುಗಳನ್ನು ಗುಂಪುಗೂಡಿಸುವ ಜಿಎನ್‌ಪಿಎಸ್ ವೇದಿಕೆ, ಜೀನೋಮಿನಲ್ಲಿ ಸಂಯುಕ್ತ ತಯಾರಿಸುವ ಜೀನ್‌ಗಳ ಗುಂಪುಗಳನ್ನು ತೋರಿಸುವ ಆಂಟಿಸ್ಮ್ಯಾಶ್ ತಂತ್ರಾಂಶ, ಎರಡೂ ಉಚಿತವಾಗಿ ಸಿಗುತ್ತವೆ. ಹಣದ ಕೊರತೆಯಿರುವ ಪ್ರಯೋಗಾಲಯಗಳು ಇವನ್ನು ತಪ್ಪದೆ ಕಲಿಯಬೇಕು. ಇನ್ನೊಂದು ಸಣ್ಣ ಎಚ್ಚರಿಕೆ: ರೋಹಿತಮಾಪಕದಲ್ಲಿ 391 ಮತ್ತು 413ರಲ್ಲಿ ಗೆರೆ ಕಂಡರೆ ಸಂಭ್ರಮಿಸುವ ಮೊದಲು ಪ್ಲಾಸ್ಟಿಕ್‌ನಿಂದ ಕರಗಿ ಬರುವ ಥ್ಯಾಲೇಟ್ ಇರಬಹುದೇ ಎಂದು ನೋಡಿ. ಕೊಳವೆ, ಪೈಪೆಟ್ ತುದಿ, ದ್ರಾವಕದ ಡಬ್ಬಿ, ಎಲ್ಲಿಂದಲಾದರೂ ಅದು ಬರಬಹುದು.

ಈ ಸೋಸುವಿಕೆಯಲ್ಲಿ ಉಳಿದ ಕೆಲವೇ ತಳಿಗಳಲ್ಲಿ ಒಂದರ ಸಾರ ಎಂಆರ್‌ಎಸ್‌ಎಯನ್ನು ಸಾಧಾರಣವಾಗಿ ತಡೆಯುತ್ತಿತ್ತು, ಮತ್ತು ಅದರ ದ್ರವ್ಯರಾಶಿಗೆ ಯಾವ ದತ್ತಸಂಚಯದಲ್ಲಿಯೂ ಹೊಂದಿಕೆಯಾಗುವ ಹೆಸರು ಇರಲಿಲ್ಲ. ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದಾಗ ಪರಿಣಾಮವೇ ಮಾಯವಾಯಿತು. ಮತ್ತೆ ಬೆಳೆಸಿದರೂ ಅದೇ. ಪದೇ ಪದೇ ಮರುಬಿತ್ತನೆ ಮಾಡಿದ ಆಕ್ಟಿನೊಮೈಸೀಟ್‌ಗಳು ತಮ್ಮ ಸಂಯುಕ್ತವನ್ನು ತಯಾರಿಸುವುದನ್ನು ನಿಲ್ಲಿಸಿಬಿಡುವುದುಂಟು. ಇಲ್ಲಿ ಮೈನಸ್ 80ರ ಕೊಳವೆಗಳು ಕೈಹಿಡಿದವು. ಮೂಲ ತಳಿಯಿಂದ ಹೊಸದಾಗಿ ಆರಂಭಿಸಿ, ಒಂದೇ ತಳಿಯನ್ನು ಹಲವು ಬಗೆಯ ಮಾಧ್ಯಮಗಳಲ್ಲಿ, ಹಲವು ಅವಧಿಗಳಿಗೆ ಬೆಳೆಸಿ ನೋಡಿದೆವು. ಸ್ಯಾಲಿನಿಸ್ಪೋರಾ ಟ್ರಾಪಿಕಾದ ಜೀನೋಮ್ 2007ರಲ್ಲಿ ಪ್ರಕಟವಾದಾಗ, ಅದರ ಸುಮಾರು ಶೇಕಡ 10ರಷ್ಟು ಭಾಗ ಇಂಥ ಸಂಯುಕ್ತಗಳ ತಯಾರಿಕೆಗೇ ಮೀಸಲೆಂದು ಗೊತ್ತಾಯಿತು. ಆದರೆ ಪ್ರಯೋಗಾಲಯದ ಸ್ಥಿತಿಯಲ್ಲಿ ಇಂಥ ಜೀನ್‌ಗಳಲ್ಲಿ ಬಹಳಷ್ಟು ಮೌನವಾಗಿರುತ್ತವೆ. ಕೊನೆಗೆ ಪಿಷ್ಟವಿದ್ದ ಒಂದು ಬಡ ಮಾಧ್ಯಮದಲ್ಲಿ, ಸಂಯುಕ್ತವನ್ನು ಹಿಡಿದಿಡುವ ಎಕ್ಸ್‌ಎಡಿ ರಾಳದ ಮಣಿಗಳನ್ನು ಫ್ಲಾಸ್ಕ್‌ನೊಳಗೇ ಸೇರಿಸಿದಾಗ ಪರಿಣಾಮ ಮರಳಿ ಬಂತು. ಮಣಿಗಳನ್ನು ಸೋಸಿ ಅಸಿಟೋನ್‌ನಿಂದ ತೊಳೆದರೆ ಸಂಯುಕ್ತ ಬಿಟ್ಟುಕೊಳ್ಳುತ್ತದೆ. ದ್ರಾವಕದ ಖರ್ಚೂ ಇದರಿಂದ ಬಹಳ ಇಳಿಯಿತು.

ಶುದ್ಧೀಕರಣದ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾರವನ್ನು ಹರಿಸಿ ಬೇರ್ಪಡಿಸುವ ಕಾಲಮ್, ಅದರಿಂದ ಬರುವ ಭಾಗಗಳು, ಪ್ರತಿ ಭಾಗದ ಪರೀಕ್ಷೆ, ಮತ್ತೆ ಹೆಚ್ಚಿನ ಒತ್ತಡದಲ್ಲಿ ಇನ್ನಷ್ಟು ನಿಖರವಾಗಿ ಬೇರ್ಪಡಿಸುವ ಎಚ್‌ಪಿಎಲ್‌ಸಿ. ಬ್ಯಾಕ್ಟೀರಿಯಾ ಬೆಳೆಸಿದ ಹತ್ತಾರು ಲೀಟರ್ ದ್ರವದಿಂದ ಕೊನೆಗೆ ಉಳಿದದ್ದು ಕೆಲವೇ ಮಿಲಿಗ್ರಾಂ. ಹಣದ ಲೆಕ್ಕದಲ್ಲಿ ನಾನು ನಿರೀಕ್ಷಿಸದಿದ್ದ ದೊಡ್ಡ ಪಾಲು ಇಲ್ಲಿಂದ ಮುಂದಿನದು: ಕಾಲಮ್‌ಗಳು ಸವೆಯುತ್ತವೆ, ಕಾಂತಕ್ಷೇತ್ರದ ನೆರವಿನಿಂದ ಅಣುರಚನೆ ತಿಳಿಸುವ ಎನ್‌ಎಂಆರ್ ಯಂತ್ರಕ್ಕೆ ಬೇಕಾದ ಡ್ಯೂಟೀರಿಯಂ (ಭಾರ ಹೈಡ್ರೋಜನ್) ದ್ರಾವಕಗಳು ದುಬಾರಿ, ಮತ್ತು ಇಷ್ಟು ಕಡಿಮೆ ಪ್ರಮಾಣಕ್ಕೆ ಹೆಚ್ಚು ಸಾಮರ್ಥ್ಯದ ಯಂತ್ರ ಬೇಕಾದ್ದರಿಂದ ಬೇರೆ ಸಂಸ್ಥೆಯಲ್ಲಿ ಗಂಟೆಯ ಲೆಕ್ಕದಲ್ಲಿ ಸಮಯ ಕಾಯ್ದಿರಿಸಬೇಕಾಗುತ್ತದೆ. ಆ ಸರದಿಗಾಗಿ ಕಾದ ಕಾಲದಲ್ಲಿ ಸಂಯುಕ್ತ ಕೆಡದಂತೆ ಬೆಳಕು ತಾಗದ ಗಾಜಿನ ಸೀಸೆಯಲ್ಲಿ, ಸಾರಜನಕ ಅನಿಲ ತುಂಬಿ, ಶೀತಲದಲ್ಲಿ ಇಟ್ಟಿದ್ದೆವು. ಅನುದಾನದ ಅರ್ಜಿ ಬರೆಯುವವರು ಬ್ಯಾಕ್ಟೀರಿಯಾ ಬೆಳೆಸುವ ಖರ್ಚನ್ನು ಹಿಗ್ಗಿಸುವ ಬದಲು ರಚನೆ ಬಿಡಿಸುವ ಖರ್ಚಿಗೆ ಹೆಚ್ಚು ಮೊತ್ತ ಇಡುವುದು ಒಳ್ಳೆಯದು.

ರಚನೆ ಬಿಡಿಸಿದ ವಾರಗಳು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದವು. ಯಾವ ಹೈಡ್ರೋಜನ್ ಯಾವ ಕಾರ್ಬನ್‌ಗೆ ಅಂಟಿದೆ, ಅದರಿಂದ ಎರಡು ಮೂರು ಬಂಧಗಳ ಆಚೆ ಯಾರಿದ್ದಾರೆ ಎಂಬುದನ್ನು ಎನ್‌ಎಂಆರ್‌ನ ಚಿತ್ರಗಳು ಒಂದೊಂದಾಗಿ ಹೇಳುತ್ತವೆ. ಕಾಗದದ ಮೇಲೆ ತುಣುಕುಗಳನ್ನು ಬರೆದು, ಜೋಡಿಸಿ, ಅಳಿಸಿ, ಮತ್ತೆ ಜೋಡಿಸುತ್ತ ಹೋಗಬೇಕು. ಎರಡು ರಚನೆಗಳು ಸಮನಾಗಿ ಹೊಂದಿಕೆಯಾದಾಗ ಜೀನೋಮ್ ದಾರಿ ತೋರಿಸಿತು: ತಳಿಯ ಜೀನ್‌ಗಳ ಗುಂಪಿನಲ್ಲಿದ್ದ ಕಿಣ್ವಗಳ ಕ್ರಮವನ್ನು ಅನುಸರಿಸಿದರೆ ಒಂದೇ ರಚನೆ ಸಾಧ್ಯವಿತ್ತು. ನಮ್ಮದು ಗೊತ್ತಿದ್ದ ಒಂದು ಸಂಯುಕ್ತ ಕುಟುಂಬದ ಹೊಸ ಸದಸ್ಯ, ಪೂರ್ತಿ ಹೊಸ ವರ್ಗವಲ್ಲ. ಹೊಸ ವರ್ಗವೇ ಸಿಗಬೇಕೆಂದು ಹಟ ಹಿಡಿದವರಿಗೆ ಇದು ಚಿಕ್ಕದೆನಿಸಬಹುದು, ನನಗೆ ಹಾಗೆನಿಸಲಿಲ್ಲ. ಒಂದೇ ಕುಟುಂಬದ ಎರಡು ಅಣುಗಳ ನಡುವಿನ ಸಣ್ಣ ವ್ಯತ್ಯಾಸದಿಂದಲೇ ಅಣುವಿನ ಯಾವ ಭಾಗ ಕೆಲಸ ಮಾಡುತ್ತದೆ, ಯಾವ ಭಾಗವನ್ನು ಬದಲಿಸಬಹುದು ಎಂಬುದು ತಿಳಿಯುತ್ತದೆ.

ಕನಿಷ್ಠ ಎಷ್ಟು ಸಾಂದ್ರತೆ ಸಾಕು ಎಂಬುದನ್ನು ಅಳೆಯಲು ಮ್ಯುಲರ್ ಹಿಂಟನ್ ಎಂಬ ಪೋಷಕ ದ್ರವದಲ್ಲಿ, ಪ್ರತಿ ಮಿಲಿಲೀಟರ್‌ಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ ಇರುವಂತೆ ಮಾಡಿ, 35 ಡಿಗ್ರಿಯಲ್ಲಿ 16ರಿಂದ 20 ಗಂಟೆ ಇಡುವುದು ಅಂಗೀಕೃತ ಪದ್ಧತಿ. ಈ ಪದ್ಧತಿಯಿಂದ ಸ್ವಲ್ಪ ಬದಲಿಸಿದರೂ ಬೇರೆಯವರ ಅಂಕಿಗಳೊಂದಿಗೆ ಹೋಲಿಸಲಾಗದು. ಎಂಆರ್‌ಎಸ್‌ಎ ಮೇಲೆ ಫಲಿತಾಂಶ ನಿಜಕ್ಕೂ ಉತ್ತಮವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 2024ರ ಪಟ್ಟಿಯಲ್ಲಿ ಅತ್ಯಂತ ತುರ್ತಿನ ಗುಂಪಿನಲ್ಲಿ ಇಟ್ಟಿರುವ, ಕಾರ್ಬಪೆನೆಮ್ ಎಂಬ ಪ್ರತಿಜೀವಕಗಳಿಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಬೌಮನೈ ಎಂಬ ಗ್ರಾಂ ಋಣ ಬ್ಯಾಕ್ಟೀರಿಯಾದ ಮೇಲೆ ಅದು ಏನೂ ಮಾಡಲಿಲ್ಲ. ಗ್ರಾಂ ಋಣ ಬ್ಯಾಕ್ಟೀರಿಯಾಗಳ ಹೊರಪೊರೆ ಇಂಥ ಅಣುಗಳನ್ನು ಒಳಗೆ ಬಿಡುವುದಿಲ್ಲ, ನುಸುಳಿದ್ದನ್ನು ಹೊರದೂಡುವ ಪಂಪುಗಳೂ ಅವುಗಳಲ್ಲಿವೆ. ಮನುಷ್ಯರ ಜೀವಕೋಶಗಳಿಗೆ ಹಾನಿ ಮಾಡುವ ಸಾಂದ್ರತೆ ಎಂಆರ್‌ಎಸ್‌ಎಯನ್ನು ತಡೆಯುವುದಕ್ಕಿಂತ ಬಹಳ ಹೆಚ್ಚಾಗಿತ್ತು, ಕೆಂಪು ರಕ್ತಕಣಗಳು ಒಡೆಯಲಿಲ್ಲ. ಆಕ್ಟಿನೊಮೈಸಿನ್‌ನ ನೆನಪಿದ್ದ ನಮಗೆ ಅದೊಂದು ದೊಡ್ಡ ನಿರಾಳ. ಆದರೆ ಪರೀಕ್ಷೆಯ ದ್ರವಕ್ಕೆ ರಕ್ತದ ಸೀರಂ ಸೇರಿಸಿದಾಗ ಪರಿಣಾಮ ತೀವ್ರವಾಗಿ ಕುಗ್ಗಿತು, ಏಕೆಂದರೆ ಸಂಯುಕ್ತ ಸೀರಂನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತಿತ್ತು. ಸೀರಂ ಪರೀಕ್ಷೆಗೆ ಬೇಕಾಗುವ ಸಂಯುಕ್ತ ಬಹಳ ಕಡಿಮೆ. ಶುದ್ಧ ಸಂಯುಕ್ತದ ಮೊದಲ ಮಿಲಿಗ್ರಾಂ ಕೈಗೆ ಬಂದಾಗಲೇ ಅದನ್ನು ಮಾಡಿಸಿಕೊಳ್ಳಿ ಎಂದು ಮುಂದಿನವರಿಗೆ ಒತ್ತಿ ಹೇಳುತ್ತೇನೆ.

ಕೊನೆಯ ಹಂತ ಮತ್ತೆ ದಾಖಲೆಗಳದು. ಪೇಟೆಂಟ್ ಬೇಕೆಂದಿದ್ದರೆ ಪ್ರಕಟಣೆಗೂ ಮುನ್ನ ಅರ್ಜಿ ಹೋಗಿರಬೇಕು. ಸಮ್ಮೇಳನದ ಭಿತ್ತಿಪತ್ರ, ಗ್ರಂಥಾಲಯದಲ್ಲಿ ತೆರೆದಿಟ್ಟ ಪ್ರಬಂಧ ಕೂಡ ಬಹಿರಂಗಪಡಿಸಿದಂತೆಯೇ ಆಗುತ್ತವೆ. ನನ್ನ ಪ್ರಬಂಧವನ್ನು ಇದೇ ಕಾರಣಕ್ಕೆ ಕೆಲಕಾಲ ಮುಚ್ಚಿಡಲು ಪ್ರತ್ಯೇಕ ಮನವಿ ಸಲ್ಲಿಸಬೇಕಾಯಿತು. ಪೇಟೆಂಟ್‌ಗಾಗಿ ತಳಿಯನ್ನು 1977ರ ಬುಡಾಪೆಸ್ಟ್ ಒಪ್ಪಂದದಡಿ ಮಾನ್ಯತೆ ಪಡೆದ ಸಂಗ್ರಹಾಲಯದಲ್ಲಿ ಇಡಬೇಕು. ತಳಿ ಹೊಸ ಪ್ರಭೇದವೆಂದು ಘೋಷಿಸುವುದಾದರೆ ಅದನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಿ ಪ್ರಮಾಣಪತ್ರ ಪಡೆಯಬೇಕು, ಮತ್ತು ಅನುಮತಿ ಪತ್ರದ ಕರಾರು ಇದಕ್ಕೆ ಅಡ್ಡಬರುತ್ತದೆಯೇ ಎಂದು ಮೊದಲೇ ನೋಡಿಕೊಂಡಿರಬೇಕು. ಮಂಜುಗಟ್ಟಿದ ಕೊಳವೆಗಳ ಪೊಟ್ಟಣ ಸುಂಕದ ಕಟ್ಟೆಯಲ್ಲಿ ತಡವಾಗಿ ಕರಗಿಹೋದದ್ದರಿಂದ ನಾವು ಎರಡನೇ ಬಾರಿ ಕಳಿಸಬೇಕಾಯಿತು. ಒಣಗಿಸಿ ಪುಡಿಮಾಡಿದ ಸ್ಥಿತಿಯಲ್ಲಿ ಕಳಿಸುವುದಕ್ಕೆ ಸಂಗ್ರಹಾಲಯ ಒಪ್ಪಿದರೆ ಆ ದಾರಿಯೇ ಕ್ಷೇಮ.

ಈಗ ಸಂಯುಕ್ತದ ರಚನೆಯನ್ನು ಒಂದು ರಸಾಯನಶಾಸ್ತ್ರ ತಂಡ ಬದಲಿಸಿ ನೋಡುತ್ತಿದೆ. ಸೀರಂಗೆ ಅಂಟುವ ಗುಣ ತಗ್ಗಿ, ಎಂಆರ್‌ಎಸ್‌ಎ ಮೇಲಿನ ಪರಿಣಾಮ ಉಳಿಯುವಂಥ ರೂಪ ಸಿಗುವುದೇ ಎಂಬುದು ಅವರ ಪ್ರಶ್ನೆ. ಇನ್ನೊಂದು ತಂಡ ಅದರ ಜೀನ್‌ಗಳ ಗುಂಪನ್ನು ಬೇಗ ಬೆಳೆಯುವ ಬೇರೊಂದು ಸ್ಟ್ರೆಪ್ಟೊಮೈಸಿಸ್‌ಗೆ ವರ್ಗಾಯಿಸುತ್ತಿದೆ, ಏಕೆಂದರೆ ಪ್ರಾಣಿಗಳ ಮೇಲಿನ ಪರೀಕ್ಷೆಗೆ ಬೇಕಾದಷ್ಟು ಪ್ರಮಾಣವನ್ನು ಮೂಲ ತಳಿಯಿಂದ ಪಡೆಯಲಾಗದು. ತಳಿಯ ಕೊಳವೆಗಳು, ಮಾಧ್ಯಮದ ವಿವರ, ರಾಳದ ಪ್ರಮಾಣ, ಎಲ್ಲವನ್ನೂ ಬರೆದು ಅವರಿಬ್ಬರಿಗೂ ಒಪ್ಪಿಸಿದ್ದೇನೆ.